ಸ್ಕ್ಯಾನ್ ವರದಿಯಲ್ಲಿ ಸಿಗದ ಪೆಟ್ಟು

ಕಲಬುರಗಿಯ ನೆಹರು ಗಂಜ್‌ನ ಅಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಕಾಕಾ ಎರಡು ವರ್ಷಗಳ ಹಿಂದೆ ಹುಮನಾಬಾದ್ ರಸ್ತೆಯಲ್ಲಿ ಬೈಕಿನಿಂದ ಬಿದ್ದರು. ಒಂದೆರಡು ನಿಮಿಷ ಎಚ್ಚರ ತಪ್ಪಿತ್ತು, ಹಣೆಯ ಮೇಲೆ ಬುಗುಟಿ ಎದ್ದಿತ್ತು. ಸಿಟಿ ಸ್ಕ್ಯಾನ್ ಮಾತ್ರ ನಾರ್ಮಲ್ ಬಂದಿತ್ತು. ಹದಿನೈದು ದಿನಗಳ ನಂತರ ಅವರ ಕಿರ್ದಿ ಪುಸ್ತಕದಲ್ಲಿ ಒಬ್ಬನೇ ರೈತನ ಹೆಸರಿಗೆ ನಲವತ್ತು ಚೀಲ ತೊಗರಿ ಎರಡು ಸಲ ಜಮೆಯಾಗಿತ್ತು. ಎರಡೂ ಅವರದೇ ದುಂಡನೆಯ ಅಕ್ಷರ, ನಡುವೆ ಮೂರೇ ಸಾಲು. “ರಿಪೋರ್ಟ್‌ನಾಗ ಏನೂ ಇಲ್ಲಂದ್ರ ನಿನಗೇನಾಗ್ಯಾದೋ?” ಎಂದು ದೊಡ್ಡಪ್ಪನೇ ಕೇಳಿಬಿಟ್ಟರು.

ಈ ಅನುಮಾನ ಹಳೆಯದು. 1866ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ಸನ್, ರೈಲು ಅಪಘಾತದಲ್ಲಿ ಮೇಲ್ನೋಟಕ್ಕೆ ದೊಡ್ಡ ಗಾಯವಿಲ್ಲದೆ ಪಾರಾದವರೂ ಮುಂದೆ ಮರೆವು, ನಿದ್ರಾಹೀನತೆಗಳಿಂದ ನರಳುವುದನ್ನು ವಿವರಿಸಿ, ನರಮಂಡಲ ಕುಲುಕಿದ್ದೇ ಅದಕ್ಕೆ ಕಾರಣ ಎಂದರು. 1883ರಲ್ಲಿ ರೈಲ್ವೆ ಕಂಪನಿಯೊಂದರ ಶಸ್ತ್ರವೈದ್ಯರಾಗಿದ್ದ ಹರ್ಬರ್ಟ್ ಪೇಜ್, ಇಂಥ ಅನೇಕ ಪ್ರಕರಣಗಳಿಗೆ ಭಯವೇ ಮೂಲ ಎಂದು ವಾದಿಸಿದರು. ಪರಿಹಾರದ ಹಣ ನಡುವೆ ಇದ್ದುದರಿಂದ ರೋಗಿಯ ಮಾತನ್ನು ಶಂಕಿಸುವ ರೂಢಿ ಬೇರುಬಿಟ್ಟಿತು. ಮೊದಲ ಮಹಾಯುದ್ಧದಲ್ಲಿ, ಸ್ಫೋಟಗಳ ನಡುವೆ ಸಿಕ್ಕ ಸೈನಿಕರಲ್ಲಿ ಕಂಡ ಇಂಥದೇ ತೊಂದರೆಯ ಬಗ್ಗೆ ‘ಶೆಲ್ ಶಾಕ್’ ಹೆಸರಿನಲ್ಲಿ ಅದೇ ವಾದ ಮರುಕಳಿಸಿತು.

ಉತ್ತರ ಸಿಕ್ಕಿದ್ದು ನಿಧಾನವಾಗಿ. 1943ರಲ್ಲಿ ಆಕ್ಸ್‌ಫರ್ಡ್‌ನ ಭೌತವಿಜ್ಞಾನಿ ಹೋಲ್ಬೋರ್ನ್, ಜೆಲಟಿನ್‌ನಿಂದ ಮಾಡಿದ ಮಿದುಳಿನ ಮಾದರಿಗಳನ್ನು ಬಳಸಿ, ತಲೆ ಗಿರ್ರನೆ ತಿರುಗಿದಾಗ ಒಳಗಿನ ಮೃದು ಪದಾರ್ಥ ತಿರುಚಿಕೊಳ್ಳುವುದನ್ನು ತೋರಿಸಿದರು. 1968ರಲ್ಲಿ ಆಪನ್‌ಹೈಮರ್ ಎಂಬ ರೋಗಶಾಸ್ತ್ರಜ್ಞರು, ಸಣ್ಣ ಪೆಟ್ಟು ತಿಂದು ಬಳಿಕ ಬೇರೆ ಕಾರಣದಿಂದ ಸತ್ತವರ ಮಿದುಳಿನಲ್ಲೂ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಗಾಯಗಳನ್ನು ಗುರುತಿಸಿದರು. ಎಳೆತಕ್ಕೆ ಸಿಕ್ಕ ನರತಂತುಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಅದನ್ನು ಸರಿಪಡಿಸಲು ಜೀವಕೋಶಗಳಿಗೆ ಹೆಚ್ಚು ಗ್ಲೂಕೋಸ್ ಬೇಕಾದ ಹೊತ್ತಿನಲ್ಲೇ ರಕ್ತದ ಹರಿವು ತಗ್ಗಿರುತ್ತದೆ. ಕೆಲವು ತಂತುಗಳು ಕೂಡಲೇ ತುಂಡಾಗದೆ, ಗಂಟೆಗಳ ಮೇಲೆ ಊದಿಕೊಂಡು ಕಳಚಿಕೊಳ್ಳುತ್ತವೆ. 1971ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೇಲೆ ಬಳಕೆಯಾದ ಸಿಟಿ ಸ್ಕ್ಯಾನ್ ಮೂಳೆಯ ಬಿರುಕನ್ನೂ ರಕ್ತಸ್ರಾವವನ್ನೂ ಹಿಡಿಯುತ್ತದೆ, ಪ್ರಾಣ ಉಳಿಸುತ್ತದೆ. ಇಷ್ಟು ಸೂಕ್ಷ್ಮವಾದ ಹಾನಿ ಸಾಮಾನ್ಯವಾಗಿ ಅದಕ್ಕೆ ಸಿಗುವುದಿಲ್ಲ.

‘ಅಲ್ಪ ಪ್ರಮಾಣದ ಪೆಟ್ಟು’ ಎಂಬ ಮಾತೂ ನಮ್ಮನ್ನು ದಾರಿ ತಪ್ಪಿಸಿದೆ. 1974ರಲ್ಲಿ ಬಂದ ಗ್ಲಾಸ್ಗೋ ಮಾಪಕದಲ್ಲಿ 13ರಿಂದ 15 ಅಂಕ ಬಂದರೆ ಪೆಟ್ಟು ಅಲ್ಪ ಎನ್ನುತ್ತಾರೆ. ಆ ಅಂಕ ಆ ಹೊತ್ತಿನ ಎಚ್ಚರವನ್ನು ಹೇಳುತ್ತದೆಯೇ ಹೊರತು ಮುಂದಿನ ಮೂರು ತಿಂಗಳನ್ನಲ್ಲ. ಅದೇ ವರ್ಷ ನ್ಯೂಜಿಲೆಂಡ್‌ನ ಡೊರೊಥಿ ಗ್ರಾನ್ವಾಲ್ ಮತ್ತು ಫಿಲಿಪ್ ರೈಟ್ಸನ್, ಇಂಥ ರೋಗಿಗಳಲ್ಲಿ ಕೆಲವರ ಯೋಚನೆಯ ವೇಗ ಮರಳಲು ಹೆಚ್ಚು ಕಾಲ ಬೇಕೆಂದು ತೋರಿಸಿದರು. ಅವರ ಪರೀಕ್ಷೆ ಸರಳ: ಅಂಕೆಗಳನ್ನು ಒಂದೇ ಲಯದಲ್ಲಿ ಓದುತ್ತಾ ಹೋಗುತ್ತಾರೆ, ಕೇಳಿದ ಪ್ರತಿ ಅಂಕೆಯನ್ನು ಅದರ ಹಿಂದಿನದಕ್ಕೆ ಕೂಡಿಸಿ ಹೇಳಬೇಕು. ಗಂಜ್‌ನ ಮುನೀಮರ ಕೆಲಸವೂ ಹೆಚ್ಚುಕಡಿಮೆ ಇದೇ ಅಲ್ಲವೇ? ಹಮಾಲ ಕೂಗಿದ ತೂಕವನ್ನು ತಲೆಯಲ್ಲಿಟ್ಟುಕೊಂಡೇ ರೈತನ ಹೆಸರು ಬರೆಯಬೇಕು, ಅಷ್ಟರಲ್ಲಿ ಮುಂದಿನ ತೂಕ ಕಿವಿಗೆ ಬಿದ್ದಿರುತ್ತದೆ. ಕಾಕಾನಿಗೆ ಹಳೆಯ ಬಾಕಿಗಳೆಲ್ಲ ನೆನಪಿದ್ದವು. ಆಗತಾನೆ ಬರೆದದ್ದು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ.

ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿಯನ್ನು ವೈದ್ಯರು ಈಗ ಒಪ್ಪುವುದಿಲ್ಲ. ಒಂದೆರಡು ದಿನದ ವಿಶ್ರಾಂತಿಯ ನಂತರ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಕಾಕಾ ಬೆಳಗಿನ ಎರಡು ತಾಸಿನಿಂದ ಆರಂಭಿಸಿ, ನಾಲ್ಕನೆಯ ತಿಂಗಳಲ್ಲಿ ಪೂರ್ತಿ ದಿನಕ್ಕೆ ಮರಳಿದರು.

ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಮಂಪರು, ಫಿಟ್ಸ್, ಕೈಕಾಲಿನ ಬಲಹೀನತೆ ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರ ವಿಷಯವಂತೂ ಬೇರೆಯೇ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದ ದಿನ ಸ್ಕ್ಯಾನ್ ಸರಿಯಾಗಿಯೇ ಇರಬಹುದು. ತಲೆಬುರುಡೆಯ ಕೆಳಗೆ ರಕ್ತ ಹನಿಹನಿಯಾಗಿ ಸೇರಿ, ವಾರಗಳ ಮೇಲೆ ಮರೆವು, ತಡವರಿಕೆ ಶುರುವಾಗಬಹುದು. ಅದನ್ನು ಮುಪ್ಪಿನ ಅರಳುಮರಳು ಎಂದು ಬಿಡದೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಬೇಕು, ಏಕೆಂದರೆ ಸಣ್ಣ ರಂಧ್ರ ಕೊರೆದು ಆ ರಕ್ತವನ್ನು ಹೊರತೆಗೆದಾಗ ಅನೇಕರ ನೆನಪು ಮರಳಿ ಬರುತ್ತದೆ.