ಅರ್ಧ ಹಳತು, ಅರ್ಧ ಹೊಸತು: ಫೈಲಿನ ಸಮಯ ಕರ್ನಲ್‌ನೊಳಗೆ ತಪ್ಪುವ ಬಗೆ

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಮಲ್ಪೆಯ ಮೀನು ವ್ಯಾಪಾರ ಸಂಸ್ಥೆಯೊಂದರಿಂದ ಮಂಗಳೂರಿನ ನಮ್ಮ ಕಚೇರಿಗೆ ದೂರು ಬಂತು. “ದಕ್ಕೆಯ ಕಂಪ್ಯೂಟರಿನಲ್ಲಿ ಬಂಗುಡೆಯ ಕೊನೆಯ ತೂಕ ಸರಿಯಾಗಿಯೇ ಇದೆ ಸರ್, ಆಫೀಸಿಗೆ ಬಂದ ನಕಲಿನಲ್ಲಿ ಮಾತ್ರ ಅದಿಲ್ಲ” ಎಂದರು ಅಲ್ಲಿನ ಲೆಕ್ಕಿಗರು. ಅವರ ಏಲಂ ಲೆಕ್ಕವೆಲ್ಲ ನಾವು ಸಿದ್ಧಪಡಿಸಿಕೊಟ್ಟ ಲಿನಕ್ಸ್ ಸ್ಟೋರೇಜ್ ಪೆಟ್ಟಿಗೆಯಲ್ಲಿ ಇರುತ್ತದೆ. ಒಂದೊಂದು ಬೋಟಿನ ಏಲಂಗೆ ಒಂದೊಂದು ಫೈಲು. ಮೂರು ತೂಕದ ಕೌಂಟರುಗಳು ಅದೇ ಫೈಲಿಗೆ ಬರೆಯುತ್ತವೆ. ನಕಲು ಮಾಡುವ ನಮ್ಮ ಪ್ರೋಗ್ರಾಂ ಕೆಲವು ಸೆಕೆಂಡಿಗೊಮ್ಮೆ ಫೈಲು ಕೊನೆಯದಾಗಿ ಬದಲಾದ ಸಮಯವನ್ನು ನೋಡುತ್ತದೆ. ತಾನು ಹಿಂದೆ ಬರೆದಿಟ್ಟುಕೊಂಡ ಸಮಯಕ್ಕಿಂತ ಅದು ಹೊಸದಾಗಿದ್ದರೆ ಫೈಲನ್ನು ಉಡುಪಿಯ ಕಚೇರಿಗೆ ಕಳುಹಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳೆಲ್ಲ ಒಟ್ಟಿಗೆ ಕಡಲಿಗಿಳಿಯುವ ತಿಂಗಳದು. ಒಂದೇ ಸೆಕೆಂಡಿನಲ್ಲಿ ಹಲವು ನಮೂದುಗಳು ಬೀಳುತ್ತಿದ್ದವು.

ಎರಡು ದಿನ ಲಾಗ್ ನೋಡಿದ ಮೇಲೆ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ಪ್ರೋಗ್ರಾಂ ಫೈಲನ್ನು ನೋಡಿದ್ದು 6 ಗಂಟೆ 12 ನಿಮಿಷ 41.002 ಸೆಕೆಂಡಿಗೆ, ಆದರೆ ಫೈಲು ಬದಲಾದ ಸಮಯವೆಂದು ಅದು ಬರೆದಿಟ್ಟುಕೊಂಡದ್ದು 41.997 ಸೆಕೆಂಡು. ಅಂದರೆ ಇನ್ನೂ ಬಾರದ ಕ್ಷಣದಲ್ಲಿ ಫೈಲು ಬದಲಾಗಿತ್ತು. ಕೊನೆಯ ಬುಟ್ಟಿಯ ತೂಕ ನಿಜವಾಗಿ ಬಿದ್ದದ್ದು 41.300ಕ್ಕೆ. ಮುಂದಿನ ಸುತ್ತಿನಲ್ಲಿ ಪ್ರೋಗ್ರಾಂ ಆ 41.300ನ್ನು ತನ್ನ ಬಳಿಯಿದ್ದ 41.997ಕ್ಕೆ ಹೋಲಿಸಿ, ಇದು ಹಳೆಯದು, ಕಳುಹಿಸಬೇಕಾಗಿಲ್ಲ ಎಂದು ತೀರ್ಮಾನಿಸಿತು. ಏಲಂ ಮುಗಿದ ಫೈಲಿಗೆ ಮತ್ತೆ ಯಾರೂ ಬರೆಯುವುದಿಲ್ಲವಾದ್ದರಿಂದ ತಪ್ಪು ಹಾಗೆಯೇ ಉಳಿಯಿತು.

ಆ 41.997 ಎಲ್ಲಿಂದ ಬಂತು? ಲಿನಕ್ಸ್‌ನ ಒಳತಿರುಳಾದ ಕರ್ನಲ್ ಬಳಕೆಯಲ್ಲಿರುವ ಪ್ರತಿಯೊಂದು ಫೈಲಿಗೂ ಇನೋಡ್ ಎಂಬ ದಾಖಲೆಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದರಲ್ಲಿ ಫೈಲನ್ನು ಓದಿದ ಸಮಯ, ಒಳಗಿನ ವಿಷಯ ಬದಲಾದ ಸಮಯ ಮತ್ತು ಇನೋಡಿನ ಸ್ಥಿತಿಯೇ ಬದಲಾದ ಸಮಯ ಎಂದು ಮೂರು ಸಮಯಗಳಿದ್ದು, ಪ್ರತಿಯೊಂದನ್ನೂ ಸೆಕೆಂಡು ಮತ್ತು ನ್ಯಾನೊಸೆಕೆಂಡು ಎಂಬ ಎರಡು ಪ್ರತ್ಯೇಕ ಸಂಖ್ಯೆಗಳಾಗಿ ಇಡಲಾಗಿದೆ. ಬರೆಯುವವರು ಸಾಮಾನ್ಯವಾಗಿ ಇನೋಡಿನ ಲಾಕ್ (ಒಂದು ಸಲಕ್ಕೆ ಒಬ್ಬರಿಗಷ್ಟೇ ಸಿಗುವ ಬೀಗ) ಹಿಡಿದು ಈ ಎರಡನ್ನೂ ಒಂದರ ನಂತರ ಒಂದರಂತೆ ಬದಲಿಸುತ್ತಾರೆ; ಸಮಯವನ್ನು ಕೇಳುವ ‘ಸ್ಟ್ಯಾಟ್’ ಕರೆಯಾದರೋ ಯಾವ ಲಾಕನ್ನೂ ಹಿಡಿಯದೆ ಓದಿಬಿಡುತ್ತದೆ. ಹಳೆಯ ಸಮಯ 40.997 ಇದ್ದು ಹೊಸದು 41.001 ಆಗುವಾಗ, ಓದುವವನ ಕೈಗೆ ಹೊಸ ಸೆಕೆಂಡು ಮತ್ತು ಹಳೆಯ ನ್ಯಾನೊಸೆಕೆಂಡು ಸಿಕ್ಕರೆ 41.997 ಹುಟ್ಟುತ್ತದೆ. ಅದಲುಬದಲಾದರೆ 40.001. ಎರಡೂ ಯಾವತ್ತೂ ಇಲ್ಲದಿದ್ದ ಸಮಯಗಳು. ನಮ್ಮ ತಂಡದಲ್ಲಿ ಇದನ್ನು ಬೆರಕೆ ಸಮಯ ಎಂದೇ ಕರೆಯುತ್ತೇವೆ. ಎರಡು ಬರಹಗಳ ನಡುವಿನ ಅಂತರ ಅತಿ ಚಿಕ್ಕದಾದರೂ, ಓದುವವನು ಒಂದು ಸಂಖ್ಯೆಯನ್ನು ತೆಗೆದುಕೊಂಡ ಕೂಡಲೇ ಪ್ರೊಸೆಸರಿಗೆ ಇಂಟರಪ್ಟ್ (ಕೈಯಲ್ಲಿರುವ ಕೆಲಸ ನಿಲ್ಲಿಸಿ ಬೇರೆಯದನ್ನು ನೋಡು ಎಂಬ ಕರೆ) ಬಂದರೆ ಆ ಅಂತರ ಬಹಳ ಹಿಗ್ಗುತ್ತದೆ.

ಒಂದೇ ಮೆಮೊರಿ ಜಾಗವನ್ನು ಪ್ರೊಸೆಸರಿನ ಎರಡು ಕೋರುಗಳು ಒಂದೇ ಹೊತ್ತಿಗೆ ಮುಟ್ಟಿ, ಅವುಗಳಲ್ಲಿ ಒಂದಾದರೂ ಬರೆಯುತ್ತಿದ್ದು, ನಡುವೆ ಯಾವ ಒಪ್ಪಂದವೂ ಇಲ್ಲದಿದ್ದರೆ ಅದನ್ನು ಡೇಟಾ ರೇಸ್ ಎನ್ನುತ್ತೇವೆ. ಇದನ್ನು ಪತ್ತೆ ಹಚ್ಚುವ ಕೆಸಿಸ್ಯಾನ್ ಎಂಬ ಸಾಧನ 2020ರಲ್ಲಿ ಲಿನಕ್ಸ್ 5.8ರೊಂದಿಗೆ ಬಂತು. ಅದು ಸುಮಾರು 4000 ಮೆಮೊರಿ ಬಳಕೆಗಳಲ್ಲಿ ಒಂದನ್ನು ಆರಿಸಿ, ಅಲ್ಲಿ ಕಾವಲಿಟ್ಟು, 80 ಮೈಕ್ರೊಸೆಕೆಂಡಿನಷ್ಟು ಕಾಯುತ್ತದೆ. ಅಷ್ಟರಲ್ಲಿ ಬೇರೊಂದು ಕೋರ್ ಅದೇ ಜಾಗವನ್ನು ಮುಟ್ಟಿದರೆ ಇಬ್ಬರೂ ಎಲ್ಲಿದ್ದರೆಂದು ವರದಿ ಕೊಡುತ್ತದೆ. ನಮ್ಮ ಪರೀಕ್ಷಾ ಯಂತ್ರದಲ್ಲಿ ಅದನ್ನು ಓಡಿಸಿದಾಗ ಫೈಲಿನ ಸಮಯದ ಬಗ್ಗೆ ವರದಿ ತಕ್ಷಣವೇ ಬಂತು. ನನಗೆ ನೋವಾದ ಸಂಗತಿಯೆಂದರೆ, ಇಂಥದ್ದೇ ವರದಿ ಹಿಂದೊಮ್ಮೆ ಬಂದಿದ್ದಾಗ ‘ಇದು ನಿರುಪದ್ರವಿ, ಸಮಯ ತಾನೇ’ ಎಂದು ನಾವೇ ಬದಿಗಿಟ್ಟಿದ್ದೆವು.

ವರದಿಯನ್ನು ನಿಲ್ಲಿಸುವುದು ಸುಲಭ. ‘ರೀಡ್ ವನ್ಸ್’, ‘ರೈಟ್ ವನ್ಸ್’ ಎಂಬ ಎರಡು ಮ್ಯಾಕ್ರೊಗಳು, ಅಂದರೆ ಕೋಡಿನಲ್ಲಿ ಹಾಕುವ ಸಿದ್ಧ ತುಣುಕುಗಳು, ಇವೆ. ಅವನ್ನು ಹಾಕಿದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಆ ಸಂಖ್ಯೆಯನ್ನು ಎರಡು ಸಲ ಓದುವುದಾಗಲಿ, ತುಂಡುತುಂಡಾಗಿ ಬರೆಯುವುದಾಗಲಿ ಮಾಡುವುದಿಲ್ಲ, ಮತ್ತು ಕೆಸಿಸ್ಯಾನ್ ಸುಮ್ಮನಾಗುತ್ತದೆ. ಆದರೆ ಈ ರಕ್ಷಣೆ ಒಂದೊಂದು ಸಂಖ್ಯೆಗೆ ಬೇರೆ ಬೇರೆಯಾಗಿ ಸಿಗುವಂಥದ್ದು. ಸೆಕೆಂಡು ಮತ್ತು ನ್ಯಾನೊಸೆಕೆಂಡು ಒಂದು ಜೋಡಿ ಎಂಬುದು ಆ ಮ್ಯಾಕ್ರೊಗಳಿಗೆ ಗೊತ್ತಿಲ್ಲ. ಬೆರಕೆ ಸಮಯ ಮೊದಲಿನಷ್ಟೇ ಆರಾಮವಾಗಿ ಹುಟ್ಟುತ್ತಿರುತ್ತದೆ, ಈಗ ಎಚ್ಚರಿಸುವವರೂ ಇರುವುದಿಲ್ಲ. ಕರ್ನಲ್ ಕೆಲಸಕ್ಕೆ ಹೊಸದಾಗಿ ಸೇರಿದವರ ಪ್ಯಾಚುಗಳಲ್ಲಿ (ಕೋಡಿನ ತಿದ್ದುಪಡಿಗಳಲ್ಲಿ) ನಾನು ಅತಿ ಹೆಚ್ಚು ತಿದ್ದುವುದು ಈ ಒಂದು ತಪ್ಪನ್ನು.

ಮತ್ತೊಂದು ಸಲಹೆಯೂ ಪ್ರತಿ ಸಲ ಬರುತ್ತದೆ: ಸೆಕೆಂಡು ಓದಿ, ನ್ಯಾನೊಸೆಕೆಂಡು ಓದಿ, ಸೆಕೆಂಡನ್ನು ಮತ್ತೆ ಓದಿ, ಎರಡೂ ಸಲ ಒಂದೇ ಇದ್ದರೆ ಸರಿ ಎಂದುಕೊಳ್ಳೋಣ. ಕಾಗದದ ಮೇಲೆ ಬರೆದು ನೋಡಿ. ಬರೆಯುವವನು ಸೆಕೆಂಡನ್ನು 41 ಮಾಡಿ, ನ್ಯಾನೊಸೆಕೆಂಡನ್ನು ಮುಟ್ಟುವ ಮೊದಲು ಒಂದು ಗಳಿಗೆ ನಿಂತಿದ್ದಾನೆ. ಓದುವವನಿಗೆ 41 ಸಿಕ್ಕಿತು, ಹಳೆಯ .997 ಸಿಕ್ಕಿತು, ಮತ್ತೆ 41 ಸಿಕ್ಕಿತು. ಪರೀಕ್ಷೆ ಪಾಸಾಯಿತು, ಸಮಯ ಮಾತ್ರ ಬೆರಕೆಯೇ. ಬರೆಯುವ ಕ್ರಮವನ್ನು ತಿರುವುಮುರುವು ಮಾಡಿದರೂ 40.001 ಇದೇ ರೀತಿ ನುಸುಳುತ್ತದೆ. ‘ಬರವಣಿಗೆ ನಡೆಯುತ್ತಿದೆ’ ಎಂದು ಹೇಳುವ ಮೂರನೆಯ ಗುರುತು ಬೇಕೇ ಬೇಕು.

ಹಾಗಾದರೆ ಸ್ಟ್ಯಾಟ್ ಕರೆಯೂ ಇನೋಡಿನ ಲಾಕನ್ನೇ ಹಿಡಿಯಲಿ ಎಂದರೆ, ದೊಡ್ಡ ಬರಹವೊಂದು ಮುಗಿಯುವವರೆಗೆ ಆ ಲಾಕ್ ಬಿಡುವುದಿಲ್ಲ. ಡೈರೆಕ್ಟರಿಯ ಪಟ್ಟಿ ಕೇಳಿದವರೂ ಅಷ್ಟು ಹೊತ್ತು ಕಾಯಬೇಕಾಗುತ್ತದೆ. ಇಡೀ ಸಮಯವನ್ನು ನ್ಯಾನೊಸೆಕೆಂಡುಗಳ ಒಂದೇ 64 ಬಿಟ್ ಸಂಖ್ಯೆಯಾಗಿಸುವುದು ನನಗೆ ಬಹಳ ಇಷ್ಟವಾದ ದಾರಿಯಾಗಿತ್ತು, ಏಕೆಂದರೆ 64 ಬಿಟ್ ಯಂತ್ರ ಅದನ್ನು ಒಂದೇ ಏಟಿಗೆ ಓದುತ್ತದೆ. ಆದರೆ ಆ ಸಂಖ್ಯೆ 2262ನೇ ಇಸವಿಗೆ ಮುಗಿದುಹೋಗುತ್ತದೆ. ಎಕ್ಸ್‌ಟ್4 ಎಂಬ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಈಗಲೇ 2446ರವರೆಗಿನ ಸಮಯವನ್ನು ಡಿಸ್ಕಿನಲ್ಲಿ ಇಡಬಲ್ಲದು. ಡಿಸ್ಕಿನಲ್ಲಿರುವುದನ್ನು ಮೆಮೊರಿಗೆ ತರುವಾಗ ಕಳೆದುಕೊಳ್ಳುವ ವ್ಯವಸ್ಥೆಯನ್ನು ನಾನು ಒಪ್ಪಲಾರೆ.

ಕೊನೆಗೆ ನಾವು ಆರಿಸಿದ್ದು ಸೀಕ್ವೆನ್ಸ್ ಕೌಂಟರ್. ಬರೆಯುವವನು ಶುರುಮಾಡುವಾಗ ಒಂದು ಎಣಿಕೆಯನ್ನು ಬೆಸಸಂಖ್ಯೆ ಮಾಡುತ್ತಾನೆ, ಮುಗಿಸಿದಾಗ ಸಮಸಂಖ್ಯೆ ಮಾಡುತ್ತಾನೆ; ಓದುವವನು ಮೊದಲೂ ಕೊನೆಗೂ ಎಣಿಕೆಯನ್ನು ನೋಡಿ, ಅದು ಬೆಸವಾಗಿದ್ದರೆ ಅಥವಾ ನಡುವೆ ಬದಲಾಗಿದ್ದರೆ ಮತ್ತೆ ಓದುತ್ತಾನೆ. ಇದು ಹೊಸ ಉಪಾಯವೇನಲ್ಲ. 32 ಬಿಟ್ ಬಹುಕೋರ್ ಯಂತ್ರಗಳಲ್ಲಿ ಫೈಲಿನ ಗಾತ್ರ ಬೆರಕೆಯಾಗದಂತೆ ಲಿನಕ್ಸ್ ಕಾಯುವುದೂ ಹೀಗೆಯೇ. ತೊಡಕಿದ್ದದ್ದು ಬರೆಯುವವರ ಕಡೆ. ಬರೆಯುವವರೆಲ್ಲ ಸದಾ ಇನೋಡಿನ ಲಾಕ್ ಹಿಡಿದೇ ಬರುತ್ತಾರೆ ಎಂದು ನಾನು ಮೊದಲು ನಂಬಿದ್ದೆ. ಆದರೆ ಮೆಮೊರಿಗೆ ಮ್ಯಾಪ್ ಮಾಡಿಕೊಂಡ ಫೈಲಿನ ಪುಟಕ್ಕೆ ಬರೆಯಹೊರಟಾಗ, ಪ್ರೊಸೆಸರ್ ತಡೆದು ಕರ್ನಲನ್ನು ಕರೆಯುವ ಪೇಜ್ ಫಾಲ್ಟ್ ದಾರಿಯಲ್ಲಿ ಆ ಲಾಕ್ ಇಲ್ಲದೆಯೇ ಸಮಯ ಬದಲಾಗುತ್ತದೆ. ಇಬ್ಬರು ಒಟ್ಟಿಗೆ ಎಣಿಕೆಯನ್ನು ಏರಿಸಿದರೆ ಬೆಸ-ಸಮದ ಲೆಕ್ಕವೇ ಕೆಡುತ್ತದೆ. ಹಾಗಾಗಿ ಇನೋಡಿನೊಳಗೆ ಮೊದಲೇ ಇರುವ, ಕ್ಷಣಮಾತ್ರ ಹಿಡಿದು ಬಿಡುವ ಸಣ್ಣ ಸ್ಪಿನ್‌ಲಾಕಿನ ಅಡಿಯಲ್ಲಿ ಎಣಿಕೆಯನ್ನು ಇಟ್ಟೆವು. 2023ರಿಂದ ಲಿನಕ್ಸ್‌ನ ಫೈಲ್ ಸಿಸ್ಟಮುಗಳು ಈ ಸಮಯಗಳನ್ನು ನೇರವಾಗಿ ಮುಟ್ಟದೆ ನಿಗದಿತ ಫಂಕ್ಷನ್ನುಗಳ ಮೂಲಕವೇ ಬದಲಿಸುತ್ತಿರುವುದು ನಮ್ಮ ಪಾಲಿಗೆ ದೊಡ್ಡ ಉಪಕಾರವಾಯಿತು. ತಿದ್ದಬೇಕಾದ ಜಾಗಗಳು ಕೈಬೆರಳೆಣಿಕೆಗೆ ಇಳಿದವು.

ಲಿನಕ್ಸ್ 6.13ರಲ್ಲಿ ಸೇರಿದ ಬದಲಾವಣೆಯೊಂದನ್ನೂ ಇಲ್ಲಿ ಹೇಳಬೇಕು. ಕರ್ನಲ್ ಫೈಲಿಗೆ ಹಾಕುವ ಸಮಯ ಗಡಿಯಾರದ ಟಿಕ್ಕಿಗೆ ಕಟ್ಟುಬಿದ್ದದ್ದು; ಸೆಕೆಂಡಿಗೆ 250 ಟಿಕ್ ಇದ್ದರೆ 4 ಮಿಲಿಸೆಕೆಂಡಿನೊಳಗಿನ ಎರಡು ಬದಲಾವಣೆಗಳಿಗೆ ಒಂದೇ ಸಮಯ ಬೀಳಬಹುದು. ನ್ಯಾನೊಸೆಕೆಂಡಿಗೆ 30 ಬಿಟ್ ಸಾಕು, 32 ಬಿಟ್‌ನಲ್ಲಿ ಎರಡು ಖಾಲಿ ಉಳಿಯುತ್ತವೆ. ಆ ಖಾಲಿ ಜಾಗದ ಒಂದು ಬಿಟ್‌ನಲ್ಲಿ ‘ಈ ಸಮಯವನ್ನು ಯಾರೋ ನೋಡಿದ್ದಾರೆ’ ಎಂಬ ಗುರುತು ಹಾಕಿ, ನೋಡಿದ್ದರೆ ಮಾತ್ರ ಮುಂದಿನ ಬದಲಾವಣೆಗೆ ಟಿಕ್ಕಿಗೆ ಕಟ್ಟುಬೀಳದ ಸೂಕ್ಷ್ಮ ಸಮಯ ಕೊಡಲಾಗುತ್ತದೆ. ಇದರ ಮೊದಲ ರೂಪವನ್ನು 2023ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ನಂತರ ಬದಲಾದ ಫೈಲಿಗೆ ಟಿಕ್ಕಿನ ಒರಟು ಸಮಯ ಬಿದ್ದು, ಮೊದಲು ಬದಲಾದ ಫೈಲಿಗಿಂತ ಅದು ಹಳೆಯದಾಗಿ ಕಾಣುತ್ತಿತ್ತು. ಸಮಯ ನೋಡಿ ಕಂಪೈಲ್ ಮಾಡುವ ‘ಮೇಕ್’ನಂಥ ಸಾಧನಗಳಿಗೆ ಅದು ಮಾರಕ. ಈಗಿನ ರೂಪದಲ್ಲಿ, ಕೊಟ್ಟ ಸೂಕ್ಷ್ಮ ಸಮಯಕ್ಕಿಂತ ಹಿಂದಿನದನ್ನು ಯಾರಿಗೂ ಕೊಡದಂತೆ ಇಡೀ ವ್ಯವಸ್ಥೆಗೆ ಒಂದು ಕೆಳಮಿತಿ ಇದೆ.

ನಕಲು ಮಾಡುವ ಪ್ರೋಗ್ರಾಮನ್ನೂ ತಿದ್ದಿದೆವು. ‘ಹೊಸದಾಗಿದೆಯೇ’ ಎಂದು ಕೇಳುತ್ತಿದ್ದ ಸಾಲು ಈಗ ‘ಬೇರೆಯಾಗಿದೆಯೇ’ ಎಂದು ಕೇಳುತ್ತದೆ, ಮತ್ತು ಕಳೆದ ಎರಡು ಸೆಕೆಂಡಿನೊಳಗೆ ಬದಲಾದ ಫೈಲನ್ನು ಮುಂದಿನ ಸುತ್ತಿನಲ್ಲಿ ತಪ್ಪದೆ ಮತ್ತೆ ಪರೀಕ್ಷಿಸುತ್ತದೆ. ಫೈಲನ್ನು ಓದಿದ ಸಮಯಕ್ಕೆ ಮಾತ್ರ ಎಣಿಕೆಯ ಕಾವಲು ಹಾಕಲಿಲ್ಲ. ಅದನ್ನು ಏಕಕಾಲಕ್ಕೆ ಹಲವು ಓದುಗರು ಬದಲಿಸಬಹುದು. ಆದರೆ 2009ರಿಂದ ರೂಢಿಯಲ್ಲಿರುವ ಕ್ರಮದಂತೆ ಅದು ಹೆಚ್ಚಿನ ಪಾಲು ದಿನಕ್ಕೊಮ್ಮೆಯಷ್ಟೇ ಬದಲಾಗುತ್ತದೆ. ನಮ್ಮಲ್ಲಿ ಅದನ್ನು ನೋಡುವುದು ತಿಂಗಳುಗಟ್ಟಲೆ ಮುಟ್ಟದ ಫೈಲುಗಳನ್ನು ಹುಡುಕುವ ಪ್ರೋಗ್ರಾಂ ಒಂದೇ. ಆ ಸಾಲುಗಳಿಗೆ ಎರಡು ಮ್ಯಾಕ್ರೊಗಳನ್ನಷ್ಟೇ ಹಾಕಿ, ಇಲ್ಲಿ ಒಂದು ಸೆಕೆಂಡಿನವರೆಗೆ ಸಮಯ ತಪ್ಪಬಹುದು, ಅದನ್ನು ಸಹಿಸುವವರು ಇಂಥವರು ಎಂದು ಪಕ್ಕದಲ್ಲೇ ಟಿಪ್ಪಣಿ ಬರೆದಿದ್ದೇವೆ. ಆ ಸಮಯವನ್ನು ಹೊಸದಾಗಿ ಯಾರಾದರೂ ಬಳಸಲು ಹೊರಟರೆ ಪ್ಯಾಚಿನ ಪರಿಶೀಲನೆಯಲ್ಲಿ ಮೊದಲು ತೆರೆದು ನೋಡುವುದು ಆ ಟಿಪ್ಪಣಿಯನ್ನೇ.