ರೋಲರ್ ಕ್ಯಾಮ್‌ಗೆ ಅಷ್ಟು ದುಡ್ಡು ಹಾಕಬೇಕಾ?

ಹಳೆಯ ಪುಶ್‌ರಾಡ್ ವಿ8 ಎಂಜಿನ್ನನ್ನು (ಕ್ಯಾಮ್‌ನ ಚಲನೆ ಉದ್ದ ಕಡ್ಡಿಗಳ ಮೂಲಕ ವಾಲ್ವ್ ತಲುಪುವಂಥದ್ದು) ಬಿಚ್ಚಿ, ಜಾಸ್ತಿ ಪವರ್ ಬರುವಂತೆ ಕಟ್ಟಲು ಹೊರಟವರು ಈ ಪ್ರಶ್ನೆಗೆ ಬಂದೇ ಬರುತ್ತಾರೆ. ಕ್ಯಾಮ್ ಅಂದರೆ ತಿರುಗುತ್ತಾ ವಾಲ್ವ್‌ಗಳನ್ನು ತೆರೆಯಿಸುವ ದಂಡ; ಅದರ ತಳ್ಳುವಿಕೆಯನ್ನು ತೆಗೆದುಕೊಳ್ಳುವ ತುಂಡು ಲಿಫ್ಟರ್ ಅಥವಾ ಟ್ಯಾಪೆಟ್. ಫ್ಲಾಟ್ ಟ್ಯಾಪೆಟ್ ಕ್ಯಾಮ್ ಸಾಕಾ, ರೋಲರ್ ಬೇಕಾ? ಬೆಲೆಯಲ್ಲಿ ಸಣ್ಣ ವ್ಯತ್ಯಾಸವಲ್ಲ. ಬರೀ ರೋಲರ್ ಲಿಫ್ಟರ್‌ಗಳಿಗೆ ಕೊಡುವ ದುಡ್ಡಿನಲ್ಲಿ ಎಷ್ಟೋ ಸಲ ಫ್ಲಾಟ್ ಕ್ಯಾಮ್, ಅದರ ಲಿಫ್ಟರ್ ಎರಡೂ ಬಂದುಬಿಡುತ್ತವೆ. ನನ್ನ ಅಭಿಪ್ರಾಯದಲ್ಲಿ ಆ ಖರ್ಚು ಬಹಳ ಸಲ ಸರಿಯೇ. ಆದರೆ ಕಾರಣ ಹೆಚ್ಚಿನವರು ಅಂದುಕೊಳ್ಳುವಂತೆ ಪವರ್ ಅಲ್ಲ.

ಫ್ಲಾಟ್ ಟ್ಯಾಪೆಟ್‌ನಲ್ಲಿ ಕ್ಯಾಮ್‌ನ ಲೋಬ್, ಅಂದರೆ ಮೊಟ್ಟೆಯಾಕಾರದ ಉಬ್ಬು, ಲಿಫ್ಟರ್‌ನ ತಳವನ್ನು ಉಜ್ಜಿಕೊಂಡೇ ಹೋಗುತ್ತದೆ. ಆ ತಳ ಒಂಚೂರು ಉಬ್ಬಿರುತ್ತದೆ, ಲೋಬ್ ಒಂಚೂರು ಓರೆ ಇರುತ್ತದೆ. ಹಾಗಾಗಿ ಲಿಫ್ಟರ್ ತಿರುಗುತ್ತಾ ಇರುತ್ತದೆ, ಸವೆತ ಒಂದೇ ಕಡೆ ಬೀಳುವುದಿಲ್ಲ. ತಿರುಗುವುದು ನಿಂತರೆ ಲೋಬ್ ಬೇಗನೆ ತೇದುಹೋಗುತ್ತದೆ, ಕಬ್ಬಿಣದ ಪುಡಿ ಆಯಿಲ್ ಜೊತೆ ಎಂಜಿನ್ ತುಂಬಾ ಓಡಾಡುತ್ತದೆ. ರೋಲರ್ ಲಿಫ್ಟರ್‌ನ ತಳದಲ್ಲಿ ಒಂದು ಪುಟ್ಟ ಗಾಲಿ ಇದೆ. ಅದು ಲೋಬ್ ಮೇಲೆ ಉರುಳುತ್ತದೆ, ಉಜ್ಜುವುದಿಲ್ಲ.

ಗಾಲಿಯ ಯೋಚನೆ ಹಳೆಯದು. ಹಾರ್ಲೆ-ಡೇವಿಡ್‌ಸನ್ ಬೈಕುಗಳಲ್ಲಿ ಅದು ಮೊದಲೇ ಇತ್ತು. ಅದನ್ನು ಅಮೆರಿಕದ ರೇಸ್ ಕಾರುಗಳಿಗೆ ತಂದವರಲ್ಲಿ ಮುಖ್ಯವಾದವರು ಕ್ಯಾಲಿಫೋರ್ನಿಯಾದ ಚೆಟ್ ಹರ್ಬರ್ಟ್. ಪೋಲಿಯೋದಿಂದ ಗಾಲಿಕುರ್ಚಿ ಹಿಡಿದಿದ್ದ ಅವರು 1950ರ ಸುಮಾರಿಗೆ ರೋಲರ್ ಕ್ಯಾಮ್‌ಗಳನ್ನು ಮಾಡಿ ಮಾರಲು ಶುರು ಮಾಡಿದರು. ರೇಸಿನವರಿಗೆ ಬೇಕಾಗಿದ್ದು ವಾಲ್ವ್ ಬೇಗ ತೆರೆಯುವುದು. ಫ್ಲಾಟ್ ಲಿಫ್ಟರ್‌ಗೆ ಅಲ್ಲೊಂದು ಮಿತಿ ಇದೆ. ಲೋಬ್ ತೀರಾ ಕಡಿದಾಗಿ ಏರಿದರೆ ಅದು ತಾಗುವ ಜಾಗ ಲಿಫ್ಟರ್‌ನ ಅಂಚು ದಾಟಿಬಿಡುತ್ತದೆ. ಷೆವ್ರೊಲೆಯ ಲಿಫ್ಟರ್ ಅಗಲ ಬರೀ 0.842 ಇಂಚು. ಗಾಲಿಗೆ ಈ ತೊಂದರೆ ಇಲ್ಲ. ಆದರೆ ವಾಲ್ವ್ ಏಳುವ ಮೊದಲ ಕ್ಷಣದಲ್ಲಿ ಫ್ಲಾಟ್ ಕ್ಯಾಮೇ ಚುರುಕಾಗಿರಬಹುದು. ಅದಕ್ಕೇ ಸೌಮ್ಯವಾದ ಕ್ಯಾಮ್‌ಗಳಲ್ಲಿ ಎರಡರ ಪವರ್ ಹತ್ತಿರ ಹತ್ತಿರವೇ ಇರುತ್ತದೆ. ಕ್ಯಾಮ್ ದೊಡ್ಡದಾದಷ್ಟೂ ರೋಲರ್ ಮುಂದೆ ಹೋಗುತ್ತದೆ.

ಕಾರು ಕಂಪನಿಗಳ ಲೆಕ್ಕ ಬೇರೆ. ಅಮೆರಿಕದ ಕಾನೂನು 1985ರ ಕಾರುಗಳಿಗೆ ಗ್ಯಾಲನ್‌ಗೆ ಸರಾಸರಿ 27.5 ಮೈಲಿ ಮೈಲೇಜ್ ಗುರಿ ಇಟ್ಟಿತ್ತು. ಘರ್ಷಣೆ ಎಲ್ಲೆಲ್ಲಿ ತಗ್ಗಿಸಬಹುದೋ ಅಲ್ಲೆಲ್ಲ ತಗ್ಗಿಸಬೇಕಿತ್ತು. 1985ರಲ್ಲಿ ಫೋರ್ಡ್ ಮಸ್ಟಾಂಗ್‌ನ 5.0 ಎಂಜಿನ್‌ಗೆ ರೋಲರ್ ಬಂತು. 1987ರಲ್ಲಿ ಷೆವ್ರೊಲೆಯ ಸ್ಮಾಲ್ ಬ್ಲಾಕ್‌ಗೂ ಬಂತು. ಷೆವ್ರೊಲೆಯ ಹೊಸ ವಿ8 ಆದ 1997ರ ಎಲ್‌ಎಸ್1 ಹುಟ್ಟಿದ್ದೇ ರೋಲರ್ ಜೊತೆ.

ಮನೆಯಲ್ಲಿ ಎಂಜಿನ್ ಕಟ್ಟುವವರ ಲೆಕ್ಕ ಬದಲಾಗಿದ್ದು ಆಯಿಲ್‌ನಿಂದ. ಲೋಬ್ ಮತ್ತು ಲಿಫ್ಟರ್ ನಡುವೆ ರಕ್ಷಣೆಗೆ ನಿಲ್ಲುವುದು ಝಡ್‌ಡಿಡಿಪಿ, ಅಂದರೆ ಸತು ಮತ್ತು ರಂಜಕ ಇರುವ ಒಂದು ಸೇರ್ಪಡೆ. ರಂಜಕ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ. ಅದಕ್ಕೇ 2004ರ ಎಸ್‌ಎಂ ಎಂಬ ಎಂಜಿನ್ ಆಯಿಲ್ ದರ್ಜೆಯಲ್ಲಿ ತೆಳು ಆಯಿಲ್‌ಗಳ ರಂಜಕವನ್ನು ಶೇ 0.08ಕ್ಕೆ ಮಿತಿಗೊಳಿಸಿದರು. ಹೊಸ ಕಾರುಗಳಲ್ಲಿ ಆಗಲೇ ರೋಲರ್ ಇದ್ದುದರಿಂದ ಅವಕ್ಕೆ ಏನೂ ಆಗಲಿಲ್ಲ. ಹೊಸ ಫ್ಲಾಟ್ ಕ್ಯಾಮ್ ಹಾಕಿದವರು ಪೆಟ್ಟು ತಿಂದರು. ಅಂಥ ಕ್ಯಾಮನ್ನು ಮೊದಲ ಸಲ ಸ್ಟಾರ್ಟ್ ಮಾಡಿದಾಗ ಐಡಲ್‌ಗೆ ಬಿಡದೆ, 2000ಕ್ಕೂ ಮೇಲಿನ ಆರ್‌ಪಿಎಂನಲ್ಲಿ 20–30 ನಿಮಿಷ ಓಡಿಸಬೇಕು; ಇದನ್ನೇ ಬ್ರೇಕ್-ಇನ್ ಅನ್ನುತ್ತಾರೆ. ಆ ಅರ್ಧ ಗಂಟೆಯಲ್ಲೇ ಎಷ್ಟೋ ಕ್ಯಾಮ್‌ಗಳು ಹೋದವು. ತಪ್ಪೆಲ್ಲ ಆಯಿಲ್‌ದೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅತಿ ಬಿಗಿ ಸ್ಪ್ರಿಂಗ್, ಕಳಪೆ ಲಿಫ್ಟರ್, ಅವಸರದ ಕೆಲಸ ಕೂಡ ಕಾರಣ.

ಫ್ಲಾಟ್ ಟ್ಯಾಪೆಟ್ ಕೈಲಾಗದ್ದು ಅಂತಲೂ ಅಲ್ಲ. ಅಮೆರಿಕದ ಕಾರ್ ರೇಸ್ ಸಂಸ್ಥೆ ನಾಸ್ಕಾರ್‌ನ ಮುಖ್ಯ ಸರಣಿಯಾದ ಕಪ್‌ನ ಎಂಜಿನ್‌ಗಳು 2014ರವರೆಗೂ ಅದರಲ್ಲೇ 9000 ಆರ್‌ಪಿಎಂ ಮುಟ್ಟಿ, 850 ಎಚ್‌ಪಿ ಆಸುಪಾಸು ಕೊಡುತ್ತಿದ್ದವು. 2015ರಲ್ಲಿ ಪವರನ್ನು 725ರ ಹತ್ತಿರಕ್ಕೆ ಇಳಿಸಿದಾಗಲೇ ರೋಲರ್ ಲಿಫ್ಟರ್‌ಗೂ ಅನುಮತಿ ಸಿಕ್ಕಿತು. ಆದರೆ ಆ ತಂಡಗಳು ವಿಶೇಷ ಉಕ್ಕು, ಲೇಪನ, ಆಯಿಲ್ ಎಲ್ಲಕ್ಕೂ ಖರ್ಚು ಮಾಡಬಲ್ಲವು. ಎಲ್ಲರಿಗೂ ಅದು ಸಾಧ್ಯವಿಲ್ಲ ಅಲ್ವಾ?

ಹಾಗಾದರೆ ಏನು ಮಾಡಬೇಕು? ಚೆನ್ನಾಗಿ ಓಡುತ್ತಿರುವ ಫ್ಲಾಟ್ ಕ್ಯಾಮನ್ನು ಸುಮ್ನೆ ಕಿತ್ತು ರೋಲರ್ ಹಾಕುವುದು ದಂಡ. ಸಿಗುವ ಪವರ್‌ಗಿಂತ ಬಿಲ್ಲೇ ದೊಡ್ಡದಾಗುತ್ತದೆ. ಹಳೆಯ ಬ್ಲಾಕ್ (ಎಂಜಿನ್‌ನ ಮುಖ್ಯ ಒಡಲು) ಆದರೆ, ಗಾಲಿ ಲೋಬ್‌ಗೆ ನೇರವಾಗೇ ಇರಬೇಕಾದ್ದರಿಂದ, ರೋಲರ್ ಲಿಫ್ಟರ್ ತಿರುಗದಂತೆ ಜೋಡಿ ಜೋಡಿಯಾಗಿ ಕಟ್ಟಿದ ಸೆಟ್ ಬೇಕು, ಗಿಡ್ಡ ಪುಶ್‌ರಾಡ್ ಬೇಕು, ಬೇರೆ ಸ್ಪ್ರಿಂಗ್ ಬೇಕು, ಕ್ಯಾಮ್ ಮುಂದಕ್ಕೆ ಸರಿಯದಂತೆ ತಡೆ ಬೇಕು. ಕೆಲವು ಸಲ ಡಿಸ್ಟ್ರಿಬ್ಯೂಟರ್ ಗೇರನ್ನೂ ಬದಲಿಸಬೇಕು. ಹೊಸದಾಗಿ ಕಟ್ಟುತ್ತಿದ್ದರೆ ಮಾತ್ರ ನಾನು ಹೈಡ್ರಾಲಿಕ್ ರೋಲರ್ (ಆಯಿಲ್ ಒತ್ತಡದಿಂದ ಸಂದು ತಾನೇ ಸರಿಹೊಂದಿಸಿಕೊಳ್ಳುವ ಲಿಫ್ಟರ್) ಕಡೆಗೇ ವಾಲುತ್ತೇನೆ. ಬ್ರೇಕ್-ಇನ್ ಭಯ ಇಲ್ಲ, ಆಯಿಲ್ ಹುಡುಕುವ ತಲೆನೋವಿಲ್ಲ. ಹಾಗೆ ಸರಿಹೊಂದಿಸಿಕೊಳ್ಳದ ಸಾಲಿಡ್ ರೋಲರ್ ರಸ್ತೆಯ ಕಾರಿಗೆ ಹೇಳಿಸಿದ್ದಲ್ಲ. ಅದರ ಬಿಗಿ ಸ್ಪ್ರಿಂಗ್‌ಗಳ ಒತ್ತಡಕ್ಕೆ, ಐಡಲ್‌ನಲ್ಲಿ ಆಯಿಲ್ ಸರಿಯಾಗಿ ತಲುಪದೆ, ಗಾಲಿಯ ಸಣ್ಣ ನೀಡಲ್ ಬೇರಿಂಗ್‌ಗಳು ಹಾಳಾಗುತ್ತವೆ.

ದುಡ್ಡು ಉಳಿಸುವ ದಾರಿ ಬ್ಲಾಕ್ ಆರಿಸುವುದರಲ್ಲೇ ಇದೆ. ಫ್ಯಾಕ್ಟರಿಯಿಂದಲೇ ರೋಲರ್ ಇದ್ದ ಬ್ಲಾಕ್ ಸಿಕ್ಕರೆ ಕಂಪನಿಯ ಲಿಫ್ಟರ್, ಅದನ್ನು ಹಿಡಿಯುವ ತಗಡು ಎಲ್ಲ ಹಾಗೇ ಕೂರುತ್ತವೆ. ಗಾಲಿ ಸರಾಗವಾಗಿ ತಿರುಗುತ್ತಿದ್ದು, ಮೇಲ್ಮೈಯಲ್ಲಿ ಗೀರು ಇಲ್ಲದಿದ್ದರೆ ಆ ಹಳೆಯ ಲಿಫ್ಟರ್‌ಗಳನ್ನೇ ಹೊಸ ರೋಲರ್ ಕ್ಯಾಮ್‌ಗೆ ಬಳಸಬಹುದು. ಹಳೆಯ ಫ್ಲಾಟ್ ಲಿಫ್ಟರ್‌ಗಳನ್ನು ಹೊಸ ಕ್ಯಾಮ್ ಜೊತೆ ಹಾಗೆ ಹಾಕಲೇಬಾರದು.