ಉಂಕು: ಪಕ್ಕ ಹೊಲಿದ ಅಂಗಿ

ಕಪ್ಪು-ಬಿಳಿ ಚೌಕಗಳು, ಕೊರಳಿನಿಂದ ಎದೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕೆಂಪು. ದಕ್ಷಿಣ ಅಮೆರಿಕದ ಪೆರು ಕಡೆ ಸ್ಪೇನಿನವರು ಬರುವ ಮೊದಲು ಆಳಿದ ಇಂಕಾಗಳ ಸೈನಿಕರ ಈ ಉಡುಪಿನ ಫೋಟೋ ನೀವೂ ಎಲ್ಲೋ ನೋಡಿರುತ್ತೀರಿ. ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಅಡಿಬರಹ: ‘ಇಂಕಾ ಪೊಂಚೊ’.

ಚೆಂದದ ಬಟ್ಟೆ ಹೌದು. ಪೊಂಚೊ ಅಲ್ಲ. ಅದರ ಹೆಸರು ಉಂಕು.

ಮಳೆಗಾಲದಲ್ಲಿ ಬೈಕಿನವರು ತಲೆಯಿಂದ ಇಳಿಬಿಟ್ಟುಕೊಳ್ಳುವ ಪ್ಲಾಸ್ಟಿಕ್ ಹೊದಿಕೆಗೂ ಅಂಗಡಿಯವರು ಪೊಂಚೊ ಅಂತಾರೆ. ಅದಕ್ಕೆ ನನ್ನ ತಕರಾರಿಲ್ಲ. ಪಕ್ಕ ತೆರೆದಿದೆ, ನಡುವೆ ತಲೆ ತೂರುತ್ತದೆ, ಹೆಸರು ಸರಿಯಾಗೇ ಇದೆ. ತಕರಾರು ಇರುವುದು ದಕ್ಷಿಣ ಅಮೆರಿಕದಲ್ಲಿ ನೇಯ್ದದ್ದೆಲ್ಲ ಪೊಂಚೊ ಎನ್ನುವ ಸೋಮಾರಿತನಕ್ಕೆ. ಅದೂ ಮ್ಯೂಸಿಯಮ್ಮಿನ ಗಾಜಿನೊಳಗೆ ಇಟ್ಟ ಬಟ್ಟೆಗೆ.

ವ್ಯತ್ಯಾಸ ತಿಳಿಯಲು ದೊಡ್ಡ ಪುಸ್ತಕ ಬೇಕಿಲ್ಲ, ಕಂಕುಳ ಕೆಳಗೆ ನೋಡಿದರೆ ಸಾಕು. ಎರಡಕ್ಕೂ ಕೊರಳಿಗೊಂದು ಸೀಳು ಇರುತ್ತದೆ. ಎರಡನ್ನೂ ತಲೆಯ ಮೇಲಿಂದಲೇ ಇಳಿಸಿಕೊಳ್ಳಬೇಕು. ಆದರೆ ಪೊಂಚೊದ ಎರಡೂ ಪಕ್ಕ ತೆರೆದಿರುತ್ತವೆ. ಉಂಕುವಿನ ಪಕ್ಕಗಳನ್ನು ಕೆಳಗಿನಿಂದ ಮೇಲಕ್ಕೆ ಹೊಲಿದು, ಕೈ ಹೊರಬರುವಷ್ಟು ಜಾಗ ಮಾತ್ರ ಬಿಟ್ಟಿರುತ್ತಾರೆ. ಅಂದರೆ ಅದು ತೋಳಿಲ್ಲದ, ಹೆಚ್ಚುಕಡಿಮೆ ಮೊಣಕಾಲಿನ ತನಕ ಬರುವ ಅಂಗಿ. ಒಂದು ಹೊದೆಯುವುದು, ಇನ್ನೊಂದು ತೊಡುವುದು. ನಾವು ಕಂಬಳಿಯನ್ನು ತೊಡುವುದಿಲ್ಲ, ಅಂಗಿಯನ್ನು ಹೊದೆಯುವುದಿಲ್ಲ, ಅಲ್ವಾ?

ಆ ಪಕ್ಕದ ಹೊಲಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಳ್ಳೆಯ ಇಂಕಾ ಉಂಕುಗಳಲ್ಲಿ ಅದನ್ನು ಮುಚ್ಚಿಡುವುದಿಲ್ಲ. ಅಂಚಿನುದ್ದಕ್ಕೂ ಬಣ್ಣಬಣ್ಣದ ನೂಲು ಸುತ್ತಿ ಸುತ್ತಿ ಹೊಲಿದು, ಒಂದಷ್ಟು ದೂರ ಕೆಂಪು, ಆಮೇಲೆ ಹಳದಿ, ಆಮೇಲೆ ಇನ್ನೊಂದು ಬಣ್ಣ ಅಂತ ಪಟ್ಟಿ ಎಬ್ಬಿಸುತ್ತಾರೆ. ಕೆಳ ಅಂಚಿನ ಹತ್ತಿರ ಅಂಕುಡೊಂಕು ಗೆರೆಯ ಕಸೂತಿ ಬರುತ್ತದೆ. ಹೊಲಿದು ಮುಚ್ಚಿದ್ದು ಎದ್ದು ಕಾಣಲಿ ಅಂತಲೇ ಇಷ್ಟು ಕೆಲಸ ಮಾಡಿದ ಉಡುಪನ್ನು, ಪಕ್ಕ ತೆರೆದ ಬಟ್ಟೆಯ ಹೆಸರಿನಿಂದ ಕರೆಯುತ್ತೇವೆ.

ಕಣ್ಣಾರೆ ಕಂಡ ಸ್ಪೇನಿನವರಿಗೆ ಈ ಗೊಂದಲ ಇರಲಿಲ್ಲ. ಉಂಕುವಿಗೆ ಅವರು ಬಳಸಿದ ಮಾತು ‘ಕಮಿಸೇತಾ’, ಅಂದರೆ ಚಿಕ್ಕ ಅಂಗಿ. ಇವತ್ತಿನ ಸ್ಪ್ಯಾನಿಷ್‌ನಲ್ಲಿ ಟೀ ಶರ್ಟಿಗೆ ಹೇಳುವುದೂ ಇದನ್ನೇ. ಇಂಕಾ ರಾಜ್ಯವನ್ನು ಗೆದ್ದ ಫ್ರಾನ್ಸಿಸ್ಕೊ ಪಿಸಾರೊನ ಸಂಬಂಧಿ ಪೆದ್ರೊ ಪಿಸಾರೊ ಮುದುಕನಾದ ಮೇಲೆ, 1571ರಲ್ಲಿ, ಬರೆದಿಟ್ಟ ಒಂದು ಪ್ರಸಂಗ ಇದೆ. ಸೆರೆಯಲ್ಲಿದ್ದ ಇಂಕಾ ದೊರೆ ಅತಾಹುವಾಲ್ಪ ಊಟ ಮಾಡುತ್ತಿದ್ದಾಗ ಬಟ್ಟೆಯ ಮೇಲೆ ಒಂದು ಹನಿ ಬಿತ್ತಂತೆ. ತಕ್ಷಣ ಎದ್ದು ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದ. ಈಗ ಮೈಮೇಲೆ ಇದ್ದದ್ದು ಒಂದು ಕಮಿಸೇತಾ, ಅದರ ಮೇಲೆ ಕಡು ಕಂದು ಬಣ್ಣದ ಒಂದು ಹೊದಿಕೆ. ಪೆದ್ರೊ ಹತ್ತಿರ ಹೋಗಿ ಹೊದಿಕೆ ಮುಟ್ಟಿ ನೋಡಿದ. ರೇಷ್ಮೆಗಿಂತ ಮೆತ್ತಗಿತ್ತು. ಯಾವುದರಿಂದ ಮಾಡಿದ್ದು ಅಂತ ಕೇಳಿದರೆ, ಪೋರ್ತೊ ವಿಯೆಹೊ ಮತ್ತು ತುಂಬೆಸ್ ಕಡೆ ರಾತ್ರಿ ಹಾರಾಡಿ ಜನರನ್ನು ಕಚ್ಚುವ ಹಕ್ಕಿಗಳದ್ದು ಎಂಬ ಉತ್ತರ ಬಂತು. ಬಾವಲಿಯ ಕೂದಲು!

ಬಾವಲಿ ವಿಷಯವನ್ನು ಎಲ್ಲರೂ ಬಾಯಿ ಬಿಟ್ಟುಕೊಂಡು ಹೇಳುತ್ತಾರೆ. ನನಗೆ ಬೇಕಾದದ್ದು ಅದರ ಹಿಂದಿನ ಮಾತು. ಕಮಿಸೇತಾ ಬೇರೆ, ಮೇಲಿನ ಹೊದಿಕೆ ಬೇರೆ. ಆ ಹೊದಿಕೆಗೆ ಇಂಕಾಗಳ ಕೆಚುವಾ ಭಾಷೆಯಲ್ಲಿ ಯಾಕೊಯ್ಯಾ ಅಂತ ಹೆಸರು. ಅದಕ್ಕೆ ಕೊರಳ ಸೀಳು ಕೂಡ ಇಲ್ಲ, ಸುಮ್ನೆ ಹೆಗಲ ಮೇಲೆ ಹಾಕಿ ಗಂಟು ಕಟ್ಟುವ ಚೌಕ ಬಟ್ಟೆ. ಇಂಕಾ ಗಂಡಸಿನ ಉಡುಪು ಎಂದರೆ ಈ ಜೋಡಿಯೇ. ಹೆಂಗಸರು ಉಂಕು ತೊಡುತ್ತಿರಲಿಲ್ಲ. ಅವರದ್ದು ಮೈಸುತ್ತಿ ಉಡುವ ಅನಾಕು, ಅದನ್ನು ಬಿಗಿಯುವ ನಡುಪಟ್ಟಿ ಚುಂಪಿ, ಹೆಗಲಿಗೆ ಯಿಕ್ಯಾ ಎಂಬ ಶಾಲು, ಶಾಲು ಜಾರದಂತೆ ಚುಚ್ಚುವ ತುಪು ಎಂಬ ಲೋಹದ ಪಿನ್ನು. ಇಷ್ಟು ಹೆಸರುಗಳಿದ್ದೂ ಎಲ್ಲವನ್ನೂ ಒಂದೇ ಪೊಂಚೊದೊಳಗೆ ತುರುಕುತ್ತಾರೆ.

ಇನ್ನೊಂದು ಸಾಕ್ಷಿ ಇದಕ್ಕಿಂತ ಗಟ್ಟಿ. ಸ್ಪೇನಿನ ಆಳ್ವಿಕೆಯ ವಿರುದ್ಧ 1780ರಲ್ಲಿ ಎದ್ದ ಎರಡನೇ ತುಪಾಕ್ ಅಮಾರುವನ್ನು ಮರುವರ್ಷ ಇಂಕಾಗಳ ಹಳೆಯ ರಾಜಧಾನಿ ಕುಸ್ಕೊದಲ್ಲಿ ಕೊಂದರು. ಶಿಕ್ಷೆ ಬರೆದವನು ಹೋಸೆ ಆಂತೋನಿಯೊ ದೆ ಅರೆಚೆ ಎಂಬ ಅಧಿಕಾರಿ. ಆ 1781ರ ತೀರ್ಪಿನಲ್ಲಿ ಕೊಲ್ಲುವ ಮಾತಿನ ಜೊತೆಗೆ ಬಟ್ಟೆಯ ಮಾತೂ ಬರುತ್ತದೆ. ಇಂಕಾ ಕಾಲದ ಉಡುಪನ್ನು ಇನ್ನು ಯಾರೂ ತೊಡಕೂಡದು, ಅದು ಹಳೆಯ ದೊರೆಗಳನ್ನು ನೆನಪಿಸುತ್ತದೆ ಅಂತ. ಯಾವ ಯಾವ ಬಟ್ಟೆ ಅಂತ ಹೆಸರು ಹಿಡಿದು ಹೇಳುತ್ತಾನೆ. ಉಂಕು, ಅದು ಒಂದು ಬಗೆಯ ಕಮಿಸೇತಾ. ಯಾಕೊಯ್ಯಾ, ಅದು ಬೆಲೆಬಾಳುವ ಹೊದಿಕೆ. ಮಸ್ಕಪೈಚಾ, ಅದು ಕಿರೀಟದಂಥದ್ದು. ನಿಷೇಧಿಸುವವನೂ ಪದಕ್ಕೆ ಅರ್ಥ ಬರೆದು ನಿಷೇಧಿಸಿದ್ದಾನೆ! ಈ ಪಟ್ಟಿಯಲ್ಲಿ ಪೊಂಚೊ ಇಲ್ಲ. ಇರುವುದಕ್ಕೆ ಕಾರಣವೂ ಇರಲಿಲ್ಲ, ಪೊಂಚೊ ನೋಡಿ ಯಾರಿಗೂ ಇಂಕಾ ದೊರೆ ನೆನಪಾಗುತ್ತಿರಲಿಲ್ಲ.

ಹಾಗಾದರೆ ಪೊಂಚೊ ಎಲ್ಲಿಂದ ಬಂತು? ಪದದ ಮೂಲದ ಬಗ್ಗೆ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಚಿಲಿ ಕಡೆಯ ಮಾಪುಚೆ ಜನರ ಭಾಷೆಯದ್ದು ಅಂತ ಒಂದು ಗುಂಪು, ಕೆಚುವಾ ಅಂತ ಇನ್ನೊಂದು, ಸ್ಪ್ಯಾನಿಷ್‌ನ ಒಳಗೇ ಹುಟ್ಟಿದ್ದು ಅಂತ ಮೂರನೆಯದು. ಬಟ್ಟೆಯ ಕಥೆ ಅಷ್ಟು ಗೋಜಲಲ್ಲ. ಅದು ಊರೂರಿಗೆ ಹರಡಿದ್ದು ವಸಾಹತು ಕಾಲದಲ್ಲಿ, ಕುದುರೆ ಬಂದ ಮೇಲೆ. ಸ್ಪೇನಿನವರು ಬರುವ ಮೊದಲು ಇಂಕಾಗಳ ಆಂಡೀಸ್ ಬೆಟ್ಟಸಾಲಿನಲ್ಲಿ ಕುದುರೆಯೇ ಇರಲಿಲ್ಲ. ಮೊಣಕಾಲಿನ ತನಕ ಮುಚ್ಚಿದ ಅಂಗಿ ತೊಟ್ಟು ಕುದುರೆಯ ಮೇಲೆ ಕಾಲು ಅಗಲಿಸಿ ಕೂರುವುದು ಎಷ್ಟು ಕಷ್ಟ, ಯೋಚಿಸಿ. ಪಕ್ಕ ತೆರೆದ ಹೊದಿಕೆಗೆ ಆ ತೊಂದರೆ ಇಲ್ಲ. ಕೈಯಲ್ಲಿ ಲಗಾಮು ಹಿಡಿಯಬಹುದು, ಮಳೆ ಗಾಳಿ ತಡೆಯುತ್ತದೆ, ರಾತ್ರಿ ಬಿಚ್ಚಿ ಹೊದ್ದು ಮಲಗಲೂಬಹುದು. ಕುದುರೆ ಸವಾರಿಯಲ್ಲಿ ಪಳಗಿದ ಮಾಪುಚೆಗಳು ಪೊಂಚೊ ನೇಯ್ದು ವ್ಯಾಪಾರ ಮಾಡಿದರು. ಅರ್ಜೆಂಟೀನಾದ ದನಗಾಹಿ ಗೌಚೊಗಳಿಗೆ ಅದೇ ಗುರುತಾಯಿತು.

ಈಗ ಯಾರಾದರೂ ಎದ್ದು ಪರಾಕಾಸ್ ಅಂತಾರೆ, ಗೊತ್ತು. ಪೆರುವಿನ ಕರಾವಳಿಯ ಪರಾಕಾಸ್‌ನಲ್ಲಿ ಪುರಾತತ್ವಜ್ಞ ಹೂಲ್ಯೊ ತೆಯೊ 1927ರಲ್ಲಿ ಅಗೆದು ತೆಗೆಸಿದ 429 ಶವದ ಕಟ್ಟುಗಳ ಬಟ್ಟೆಗಳಲ್ಲಿ ಪಕ್ಕ ತೆರೆದ ಚಿಕ್ಕ ಉಡುಪುಗಳೂ ಇವೆ. ಅವನ್ನು ಚಿಕ್ಕ ಪೊಂಚೊ ಎಂದರೆ ನಾನು ಸುಮ್ಮನಿರುತ್ತೇನೆ, ಆಕಾರಕ್ಕೆ ಆ ಹೆಸರು ಒಪ್ಪುತ್ತದೆ. ಆದರೆ ಅವು ಇಂಕಾಗಳಿಗಿಂತ ಸಾವಿರಕ್ಕೂ ಜಾಸ್ತಿ ವರ್ಷ ಹಿಂದಿನವು. ಅವನ್ನು ತೋರಿಸಿ ಇಂಕಾ ಸೈನಿಕನಿಗೆ ಪೊಂಚೊ ಹಾಕಲು ಬರುವುದಿಲ್ಲ. ಅಂದಹಾಗೆ ಪರಾಕಾಸ್‌ನ ಬಟ್ಟೆಗಳ ಮೇಲೆ ಕಾಣುವ ಹಾರುವ ಮನುಷ್ಯರ ಚಿತ್ರಗಳು ನೇಯ್ಗೆಯಲ್ಲಿ ಮೂಡಿದವಲ್ಲ, ನೇಯ್ದ ಬಟ್ಟೆಯ ಮೇಲೆ ಸೂಜಿಯಲ್ಲಿ ಹಾಕಿದ ಕಸೂತಿ. ಇದನ್ನೂ ಆಗಾಗ ತಪ್ಪಾಗಿ ಬರೆಯುತ್ತಾರೆ.

ಉಂಕುವಿನಲ್ಲಿ ಮಾತ್ರ ಚಿತ್ರ ಮಗ್ಗದಲ್ಲೇ ಹುಟ್ಟುತ್ತದೆ. ಕುಂಬಿ ಎಂಬ ಮೇಲ್ದರ್ಜೆಯ ಬಟ್ಟೆಯಲ್ಲಿ ಹಾಸಿನ ನೂಲು ಕಾಣುವುದೇ ಇಲ್ಲ, ಹೊಕ್ಕಿನ ನೂಲು ಅದನ್ನು ಪೂರ್ತಿ ಮುಚ್ಚಿರುತ್ತದೆ. ಹೊಕ್ಕು ಈ ಅಂಚಿನಿಂದ ಆ ಅಂಚಿನ ತನಕ ಓಡುವುದೂ ಇಲ್ಲ. ಕೆಂಪು ನೂಲು ಕೆಂಪಿನ ಜಾಗದಲ್ಲಿ ಮಾತ್ರ ಹೋಗಿ, ಪಕ್ಕದ ಬಣ್ಣಕ್ಕೆ ಕೊಂಡಿ ಹಾಕಿಕೊಂಡು ಹಿಂದೆ ತಿರುಗುತ್ತದೆ. ನೂಲಿನ ತುದಿಗಳನ್ನು ಒಳಗೇ ಸೇರಿಸಿಬಿಡುವುದರಿಂದ ಒಳಮೈ ಯಾವುದು, ಹೊರಮೈ ಯಾವುದು ಅಂತ ಹೇಳುವುದು ಕಷ್ಟ. ಹೊಕ್ಕಿಗೆ ಅಲ್ಪಾಕಾದಂಥ ಪ್ರಾಣಿಗಳ ಉಣ್ಣೆ, ಹಾಸಿನ ನೂಲಿಗೆ ಹೆಚ್ಚಾಗಿ ಹತ್ತಿ. ಕುರಿ ಇಲ್ಲ, ಅದೂ ಕುದುರೆಯ ಹಾಗೆ ಸ್ಪೇನಿನವರ ಜೊತೆ ಬಂದದ್ದೇ. ಕತ್ತರಿಗೂ ಕೆಲಸ ಇಲ್ಲ. ಬೇಕಾದ ಅಳತೆಗೇ ನೇಯ್ದು ನಾಲ್ಕೂ ಕಡೆ ಅಂಚು ಮುಗಿಸುತ್ತಾರೆ. ಕೊರಳ ಸೀಳನ್ನೂ ಮಗ್ಗದ ಮೇಲೇ ಬಿಟ್ಟುಕೊಂಡು ನೇಯುತ್ತಾರೆ. ದಿನಬಳಕೆಯ ಒರಟು ಬಟ್ಟೆಗೆ ಅವಾಸ್ಕಾ ಎಂದು ಬೇರೆ ಹೆಸರು.

ಈ ಕುಂಬಿ ಉಂಕುಗಳಲ್ಲಿ ಅತ್ಯಂತ ಹೆಸರಾದದ್ದು ವಾಷಿಂಗ್ಟನ್‌ನ ಡಂಬಾರ್ಟನ್ ಓಕ್ಸ್ ಸಂಗ್ರಹದಲ್ಲಿದೆ. ಮೈತುಂಬ ತೊಕಾಪು ಎಂಬ ಪುಟ್ಟ ಚೌಕ ಚಿತ್ರಗಳು, ಚೂರೂ ಖಾಲಿ ಜಾಗ ಇಲ್ಲ. ಅವು ಒಂದು ಬಗೆಯ ಬರಹ ಅಂತ ಕೆಲವರು ವಾದಿಸುತ್ತಾರೆ. ಆದರೆ ಅವನ್ನು ಓದಿ ತೋರಿಸಿ ಎಲ್ಲರನ್ನೂ ಒಪ್ಪಿಸಿದವರು ಯಾರೂ ಇಲ್ಲ. ಅದರಲ್ಲಿ ಒಂದು ಚೌಕವನ್ನು ಹುಡುಕಿ ನೋಡಿ. ಕಪ್ಪು-ಬಿಳಿ ಚೌಕಗಳು, ಮೇಲೆ ಕೆಂಪು ಮೆಟ್ಟಿಲು. ಸೈನಿಕರ ಉಂಕುವನ್ನೇ ಬೆರಳಗಲಕ್ಕೆ ಇಳಿಸಿ, ದೊರೆಯಂಥವನು ತೊಡುವ ಉಂಕುವಿನೊಳಗೆ ನೇಯ್ದಿದ್ದಾರೆ. 1532ರ ನವೆಂಬರ್ 16ರಂದು ಕಹಮಾರ್ಕ ಊರಿನ ನಡುವಿನ ಬಯಲಿಗೆ ಅತಾಹುವಾಲ್ಪನ ಮೆರವಣಿಗೆ ಬಂದಾಗ, ಮುಂದೆ ದಾರಿಯ ಕಸಕಡ್ಡಿ ಹೆಕ್ಕುತ್ತ ನಡೆದವರ ಸಮವಸ್ತ್ರವನ್ನು ಪಿಸಾರೊನ ಕಾರ್ಯದರ್ಶಿ ಫ್ರಾನ್ಸಿಸ್ಕೊ ದೆ ಹೆರೆಸ್ ಚದುರಂಗದ ಮನೆಗಳಿಗೆ ಹೋಲಿಸಿ ಬರೆದಿದ್ದಾನೆ. ಇಂಥ ಬಟ್ಟೆ ಸಂತೆಯಲ್ಲಿ ಕೊಂಡು ತೊಡುವಂಥದ್ದಲ್ಲ. ನಾಣ್ಯವಿಲ್ಲದ ಆ ರಾಜ್ಯದಲ್ಲಿ ಸೈನಿಕರಿಗೂ ಸಾಮಂತರಿಗೂ ದೊರೆ ಕೊಡುತ್ತಿದ್ದ ದೊಡ್ಡ ಉಡುಗೊರೆ ಬಟ್ಟೆಯೇ.

ಮೆಕ್ಸಿಕೊ, ಗ್ವಾಟೆಮಾಲಾ ಕಡೆಗೆ ಹೋದರೆ ಇದೇ ಗೊಂದಲದ ತಮ್ಮಂದಿರು ಸಿಗುತ್ತಾರೆ. ವಿಪಿಲ್ ಎಂಬುದು ಅಲ್ಲಿನ ಹೆಂಗಸರ ಅಂಗಿ, ಪಕ್ಕ ಹೊಲಿದದ್ದು. ಕೆಚ್ಕೆಮಿತ್ಲ್ ಎರಡು ಪಟ್ಟಿ ಜೋಡಿಸಿ ಮಾಡಿದ, ಮುಂದೆ ಹಿಂದೆ ಮೂಲೆಯಾಗಿ ಇಳಿಯುವ ಹೆಗಲ ಹೊದಿಕೆ, ಅದೂ ಹೆಂಗಸರದ್ದೇ. ಎರಡಕ್ಕೂ ಪೊಂಚೊ ಅಂತ ಚೀಟಿ ಅಂಟಿಸಿ ಮಾರುತ್ತಾರೆ.

ನಿಷೇಧದಿಂದ ಉಂಕು ಪೂರ್ತಿ ಸತ್ತುಹೋಗಲಿಲ್ಲ. ಕುಸ್ಕೊ ಸೀಮೆಯ ಎತ್ತರದ ಬೆಟ್ಟಗಳಲ್ಲಿರುವ ಕೆರೊ ಜನರ ಗಂಡಸರು ಕಪ್ಪು ಉಣ್ಣೆಯ ಉಂಕು ತೊಡುವ ರೂಢಿ ಉಳಿಸಿಕೊಂಡರು. ಅದರ ಮೇಲೆ ಅವರು ಹಾಕಿಕೊಳ್ಳುವುದು ಪೊಂಚೊ. ಒಂದೇ ಮೈಮೇಲೆ ಎರಡೂ ಇವೆ, ಒಳಗೊಂದು, ಹೊರಗೊಂದು. ಎರಡಕ್ಕೂ ಒಂದೇ ಹೆಸರಿಟ್ಟರೆ ಆ ಮನೆಯಲ್ಲಿ ಬೆಳಿಗ್ಗೆ ಬಟ್ಟೆ ಹುಡುಕುವುದೇ ಕಷ್ಟವಾದೀತು.

ಫೋಟೋದಲ್ಲಿ ಪಕ್ಕ ಕಾಣಿಸದಿದ್ದರೆ ‘ಇಂಕಾ ಅಂಗಿ’ ಅಂತ ಬರೆಯಿರಿ. ಉಂಕು ಪದ ನೆನಪಿಗೆ ಬರದಿದ್ದರೂ ಅಷ್ಟು ಸಾಕು.